ಬಿಸಿಲೂರಿನಲ್ಲಿ ಕ್ಯಾಮೆರಾ ಪಟ್ಟಿ (ಸ್ಟ್ರಾಪ್): ನಾನು ಹಾಕಿ ನೋಡಿದವು

ಗಂಗಾವತಿ ಸುತ್ತಮುತ್ತ ಮದುವೆ ಫೋಟೋ ತೆಗೆಯುವುದು ನನ್ನ ಕೆಲಸ. ಕ್ಯಾಮೆರಾಕ್ಕೆ 70-300 ಲೆನ್ಸ್ ಹಾಕಿ ಒಮ್ಮೆ ಕಿರಾಣಿ ಅಂಗಡಿ ತಕ್ಕಡಿಯಲ್ಲಿ ಇಟ್ಟಿದ್ದೆ. 1 ಕೆಜಿ 400 ಗ್ರಾಂ. ಅಷ್ಟೇನಾ ಅನಿಸುತ್ತೆ, ಅಲ್ವಾ? ಅರಿಶಿಣ ಹಚ್ಚುವಾಗ ಕೊರಳಿಗೆ ಹಾಕಿಕೊಂಡು ಕೊನೇ ಪಂಕ್ತಿ ಏಳುವವರೆಗೂ ಓಡಾಡಿ, ಆಮೇಲೆ ಹೇಳಿ.

ಡಬ್ಬದಲ್ಲೇ ಬರುವ ಪಟ್ಟಿ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಅಂಚು ಕುತ್ತಿಗೆ ಕೊರೆಯುತ್ತೆ. ಆದರೆ ಬಕಲ್‌ನಲ್ಲಿ ತುದಿಯನ್ನು ಸರಿಯಾಗಿ ಹಿಂದಕ್ಕೆ ಮಡಚಿ ಹಾಕಿದ್ದರೆ ಬಿಚ್ಚಿಕೊಳ್ಳುವ ಮಾತೇ ಇಲ್ಲ. ನನ್ನದು ಆರು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ.

ಆಮೇಲೆ ತಂದಿದ್ದು ನಿಯೋಪ್ರೀನ್ ಪಟ್ಟಿ, ಅದೇ ಮೆತ್ತನೆ ರಬ್ಬರ್ ಸ್ಪಂಜಿನದು. ಅಂಗಡಿಯಲ್ಲಿ ಹಾಕಿಕೊಂಡಾಗ ಅರ್ಧ ತೂಕ ಮಾಯ! ಪಟ್ಟಿ ಹಿಗ್ಗುತ್ತೆ, ಅದಕ್ಕೇ ಹಾಗನಿಸುತ್ತೆ. ಹಿಗ್ಗುತ್ತೆ ಅಂದಮೇಲೆ ನಡೆಯುವಾಗ ಕುಣಿಯಲೂ ಬೇಕಲ್ಲ, ಹೊಟ್ಟೆಗೆ ಲೆನ್ಸ್ ಬಡಿಯುತ್ತಲೇ ಇರುತ್ತೆ. ಅದನ್ನೂ ಸಹಿಸಬಹುದಿತ್ತು. ಏಪ್ರಿಲ್ ಕೊನೆಗೆ ರಾಯಚೂರಿನಲ್ಲೊಂದು ಮದುವೆ ಬಂತು. ರಬ್ಬರಿಗೆ ಗಾಳಿ ಆಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಅಂಚಿನಲ್ಲಿ ಬೆವರು ಒಣಗಿ ಬಿಳಿ ಉಪ್ಪಿನ ಗೆರೆ. ಮಾರನೇ ದಿನ ಕುತ್ತಿಗೆ ತುಂಬ ಬೆವರುಸಾಲೆ. ಕೆಳಗೆ ಟವೆಲ್ ಹಾಕಿಕೊಳ್ಳಿ ಅಂತ ಒಬ್ಬರು ಸಲಹೆ ಕೊಟ್ಟರು. ಟವೆಲ್ ಹಾಕಿಕೊಳ್ಳುವುದಾದರೆ ಮೆತ್ತನೆ ಪಟ್ಟಿಗೆ ಯಾಕೆ ದುಡ್ಡು ಕೊಡಬೇಕು?

ಮೂರನೆಯದು ಸ್ಲಿಂಗ್. ಜನಿವಾರದ ಹಾಗೆ ಅಡ್ಡ ಹಾಕಿಕೊಳ್ಳುವುದು. ಕ್ಯಾಮೆರಾ ತಲೆಕೆಳಗಾಗಿ ಸೊಂಟದ ಹತ್ತಿರ ನೇತಾಡುತ್ತೆ. ಬೇಕೆಂದಾಗ ಎತ್ತಿದರೆ ಪಟ್ಟಿ ಮೇಲೆ ಜಾರಿಕೊಂಡು ಸೀದಾ ಕಣ್ಣಿಗೆ ಬರುತ್ತೆ. ಕುತ್ತಿಗೆಗೆ ಭಾರವೇ ಇಲ್ಲ. ಒಂದು ವರ್ಷ ಇದನ್ನೇ ಹೊಗಳಿಕೊಂಡು ತಿರುಗಿದೆ.

ಆಮೇಲೊಂದು ಭಾನುವಾರ ಅಂಜನಾದ್ರಿ ಹತ್ತಿದೆ. 575 ಮೆಟ್ಟಿಲು. ಹೆಜ್ಜೆ ಹೆಜ್ಜೆಗೂ ಕ್ಯಾಮೆರಾ ತೊಡೆಗೆ ತಾಗಿ ಅತ್ತಿತ್ತ ತಿರುಗುತ್ತಿತ್ತು. ಮೇಲೆ ಹೋಗಿ ತುಂಗಭದ್ರೆಯ ಕಡೆ ಲೆನ್ಸ್ ಎತ್ತಿದರೆ ಬುಡದಲ್ಲಿ ಏನೋ ಲಟಕ್ ಅಂತು. ಈ ಸ್ಲಿಂಗ್ ಹಿಡಿದಿರುವುದು ಟ್ರೈಪಾಡ್ ತೂತಿಗೆ ಹಾಕುವ ಕಾಲು ಇಂಚಿನ ಒಂದೇ ಸ್ಕ್ರೂ. ಅದು ಅರ್ಧಕ್ಕರ್ಧ ಬಿಚ್ಚಿತ್ತು! ಇನ್ನು ಮೂರ್ನಾಲ್ಕು ಸುತ್ತು ಆಗಿದ್ದರೆ ಕ್ಯಾಮೆರಾ ಬಂಡೆಗಳ ಪಾಲು. ರಬ್ಬರ್ ವಾಷರ್ ಸವೆದಿದ್ದನ್ನು ನಾನೂ ನೋಡಿರಲಿಲ್ಲ, ಅದು ನನ್ನ ತಪ್ಪೇ. ಆದರೂ ಅವತ್ತು ಕೈಯಲ್ಲಿ ಹಿಡಿದುಕೊಂಡೇ ಇಳಿದೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಇನ್ನೊಂದು ತೊಂದರೆ ಗೊತ್ತಾಯಿತು. ತೇರಿಗೆ ಉತ್ತತ್ತಿ ಎಸೆಯುವ ಜನರ ನಡುವೆ ಸೊಂಟದ ಕ್ಯಾಮೆರಾ ನಮ್ಮ ಕೈಯಲ್ಲಿ ಇರುವುದೇ ಇಲ್ಲ. ಪಕ್ಕದ ಮಗುವಿನ ತಲೆಗೆ ಸರಿಯಾಗಿ ಅದೇ ಎತ್ತರ.

ಕೊನೆಗೆ ಪೀಕ್ ಡಿಸೈನ್ ಕಂಪನಿಯ ಸ್ಲೈಡ್ ಅನ್ನುವ ಪಟ್ಟಿ ತರಿಸಿದೆ. ದುಬಾರಿ, ಮನೆಯಲ್ಲಿ ಬೆಲೆ ಹೇಳಲಿಲ್ಲ. ಕಾರಿನ ಸೀಟ್ ಬೆಲ್ಟಿನಂಥ 45 ಮಿಲಿಮೀಟರ್ ಅಗಲದ ಪಟ್ಟಿ. ನನಗೆ ಹಿಡಿಸಿದ್ದು ಪಟ್ಟಿಗಿಂತ ಅದರ ಕೊಂಡಿ. ದಾರಕ್ಕೆ ಸಿಕ್ಕಿಸಿದ ಸಣ್ಣ ಗುಂಡಿ, ಕಂಪನಿ ಲೆಕ್ಕದಲ್ಲಿ 90 ಕೆಜಿ ತಡೆಯುತ್ತೆ. ಒತ್ತಿ ಜಾರಿಸಿದರೆ ಬಿಚ್ಚುತ್ತೆ, ಸುಮ್ನೆ ಎಳೆದರೆ ಇಲ್ಲ. ದಾರ ಸವೆದರೆ ಒಳಗಿನ ಹಳದಿ ಕಾಣುತ್ತೆ, ಆಗ ಬದಲಿಸಬೇಕು. ಸವೆದದ್ದನ್ನು ತಾನೇ ತೋರಿಸುವುದು ಇದೊಂದೇ. ಪಟ್ಟಿ ಮಾತ್ರ ನೈಲಾನ್, ಬೆವರು ಹೀರುವುದಿಲ್ಲ.

ಹಾಗಾಗಿ ಈಗ ನಾನು ಹಾಕುವುದು ಕಲಬೆರಕೆ. ಮಂಚಕ್ಕೆ ಹೆಣೆಯುವ ಹತ್ತಿ ನವಾರು ಒಂದೂವರೆ ಗಜ, ಎರಡೂ ತುದಿಗೆ ಬೆರಳಗಲದ ನೈಲಾನ್ ಪಟ್ಟಿ, ಅದಕ್ಕೆ ಬಿಡಿಯಾಗಿ ಸಿಗುವ ಅದೇ ಕೊಂಡಿ. ಚಪ್ಪಲಿ ಹೊಲಿಯುವ ಅಜ್ಜ ನಾಲ್ಕು ಸಾಲು ಹೊಲಿಗೆ ಹಾಕುತ್ತ, "ಇದಕ್ಕೆ ಯಾವ ಎಮ್ಮಿ ಕಟ್ತೀರಿ?" ಅಂತ ಕೇಳಿದ. ಹಿತ್ತಲ ಬೇವಿನ ಕೊಂಬೆಗೆ ಹಾಕಿ, ತುಂಬಿದ ಬಿಂದಿಗೆ ಒಂದು ರಾತ್ರಿ ನೇತುಬಿಟ್ಟು ನೋಡಿದೆ. ಹೊಲಿಗೆ ಜಗ್ಗಲಿಲ್ಲ. ಬೆವರು ಹೀರುತ್ತೆ, ಅಂಗಿ ಜತೆ ಒಗೆಯಬಹುದು. ಮೊದಲ ಸಲ ಒಗೆದಾಗ ನಾಲ್ಕು ಬೆರಳು ಕುಗ್ಗಿ, ಹೊಸದಾಗಿ ಹೊಲಿಸಬೇಕಾಯಿತು. ನೀವು ಮಾಡಿಸುವುದಾದರೆ ನವಾರನ್ನು ಮೊದಲು ನೀರಲ್ಲಿ ನೆನೆಸಿ ಒಣಗಿಸಿ, ಆಮೇಲೆ ಅಳತೆ ಕೊಡಿ.