ಹಳೆಯ ಅಡಿಕೆ ತೋಟ ಕೊಳ್ಳುವವರೇ, ಮಣ್ಣಿನ ಕಾರ್ಡ್ ತೋರಿಸಿದರೆ ನಂಬಬೇಡಿ

ಸಾಗರದ ಕಡೆ ತೋಟ ನೋಡುತ್ತಿರುವವರು ಮುಂಗಡ ಕೊಡುವ ಮೊದಲು ಇದನ್ನು ಓದಿ. ದಯವಿಟ್ಟು ಓದಿ.

ನಮಗೆ ತೋಟ ಮಾರಿದವರು ಮೊದಲ ಭೇಟಿಯಲ್ಲೇ ಮಣ್ಣು ಆರೋಗ್ಯ ಕಾರ್ಡ್ ಮುಂದಿಟ್ಟರು. "ಪೂರ್ತಿ ಸಾವಯವ. ಸರ್ಕಾರವೇ ಪರೀಕ್ಷೆ ಮಾಡಿದೆ, ಒಂದು ಹನಿ ವಿಷವಿಲ್ಲ" ಎಂದರು. ತಾಮ್ರದ ಸಾಲಿನಲ್ಲಿ 'ಸಾಕಷ್ಟು' ಎಂದಿತ್ತು. ದಲ್ಲಾಳಿ ಅದರ ಮೇಲೆ ಬೆರಳಿಟ್ಟು, "ನೋಡಿ, ಇನ್ನೇನು ಬೇಕು?" ಎಂದ. ಆ ಬೆರಳು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಆ ಕಾರ್ಡಿನಲ್ಲಿ ಇರುವುದು ರಸಸಾರ, ಸಾರಜನಕ, ರಂಜಕ, ಸತು ಇತ್ಯಾದಿ 12 ಅಂಶ. ಕೀಟನಾಶಕದ ಉಳಿಕೆಯ ಪರೀಕ್ಷೆ ಅದರಲ್ಲಿ ಇಲ್ಲ. ಕಳೆನಾಶಕದ್ದೂ ಇಲ್ಲ. ಕ್ಯಾಡ್ಮಿಯಂ ಎಂಬ ವಿಷಲೋಹದ್ದೂ ಇಲ್ಲ. ತಾಮ್ರವನ್ನು ನೋಡುವುದೂ ಕೊರತೆ ಇದೆಯೇ ಎಂದು ತಿಳಿಯಲು, ವಿಷವಾಗುವಷ್ಟು ತುಂಬಿದೆಯೇ ಎಂದಲ್ಲ. 0.2 ಪಿಪಿಎಂ (ಕಿಲೋ ಮಣ್ಣಿಗೆ 0.2 ಮಿಲಿಗ್ರಾಂ) ದಾಟಿದರೆ 'ಸಾಕಷ್ಟು'. ಅದರ ನೂರು ಪಟ್ಟು ಇದ್ದರೂ 'ಸಾಕಷ್ಟು'!

ಅಡಿಕೆಯ ಕೊಳೆರೋಗಕ್ಕೆ ಅಜ್ಜನ ಕಾಲದಿಂದ ಮಳೆಗಾಲಕ್ಕೆ ಎರಡು ಮೂರು ಸಲ ಬೋರ್ಡೋ ದ್ರಾವಣ ಹೊಡೆದ ತೋಟವದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಸುರಿದ ತಾಮ್ರ ಎಲ್ಲಿಗೆ ಹೋಗುತ್ತದೆ? ಲೋಹ ಕೊಳೆಯುವುದಿಲ್ಲ, ಬಹುಪಾಲು ಮೇಲ್ಮಣ್ಣಿನಲ್ಲೇ ಕೂರುತ್ತದೆ. ನಾವು ಹಾಕಿದ ತರಕಾರಿ ಸಸಿಗಳು ಹಳದಿಯಾದವು, ಬೇರು ಮೊಂಡಾಯಿತು. ಎಲ್ಲಿ ಗುದ್ದಲಿ ಹಾಕಿದರೂ ಎರೆಹುಳು ಕಾಣಲಿಲ್ಲ. ಖಾಸಗಿ ಪ್ರಯೋಗಾಲಯದಲ್ಲಿ ಒಟ್ಟು ತಾಮ್ರ ಅಳೆಸಿದ ಮೇಲೆ ಕಥೆ ಹೊರಬಿತ್ತು.

ತೋಟ ಮಾರಿದವರಿಗೆ ಫೋನ್ ಮಾಡಿದೆ. "ಔಷಧಿ ಹೊಡೆಯದ ತೋಟ ಎಲ್ಲಿದೆ ತೋರಿಸಿ ಮಾರಾಯರೇ!" ಸಾವಯವ ಎಂದಿದ್ದಿರಲ್ಲ ಎಂದರೆ, "ಸಾವಯವದವರೂ ಬೋರ್ಡೋ ಹೊಡೆಯುತ್ತಾರೆ, ವಿಚಾರಿಸಿ." ವಿಚಾರಿಸಿದೆ. ಹೊಟ್ಟೆ ಉರಿಯುವ ಸಂಗತಿಯೆಂದರೆ ಅದು ನಿಜ, ಮಿತಿಯೊಳಗೆ ಬಳಸಲು ಅವಕಾಶವಿದೆ. ಯುರೋಪಿನಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ ಎಂಬ ಗಡಿ ಹಾಕಿದ್ದಾರೆ. ಇವರ ಬಳಿ ಲೆಕ್ಕವೇ ಇಲ್ಲ! ಕೊನೆಗೆ ಅವರೇ ನನ್ನನ್ನು ತರಾಟೆಗೆ ತೆಗೆದುಕೊಂಡರು: "ಅಡಿಕೆ ಮರ ಚೆನ್ನಾಗಿದೆ ತಾನೇ? ತರಕಾರಿ ಹಾಕಲು ಯಾರು ಹೇಳಿದರು?" ಅಲ್ಲಿಂದ ಮುಂದೆ ಫೋನ್ ಎತ್ತಿಲ್ಲ. ದಲ್ಲಾಳಿಯದು ಒಂದೇ ಮಾತು, "ಕಾರ್ಡ್ ಸುಳ್ಳಲ್ಲವಲ್ಲ ಸಾರ್." ಪಕ್ಕದ ತೋಟದವರು ಎದುರಿಗೆ ಅಯ್ಯೋ ಎನ್ನುತ್ತಾರೆ, ಬೆನ್ನ ಹಿಂದೆ ನಗುತ್ತಾರೆ.

ಮರದ ಬುಡದ ಮೇಲ್ಮಣ್ಣನ್ನು ನೀವೇ ತೆಗೆದು, ನೀವೇ ಹಣ ಕೊಟ್ಟು ಒಟ್ಟು ತಾಮ್ರ ಅಳೆಸಿ. ಮಾಲೀಕರನ್ನು ಬಿಡಿ, ಆ ತೋಟದಲ್ಲಿ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನನ್ನು ಕೇಳಿ. ಸಾವಯವ ಎಂದರೆ ಪ್ರಮಾಣಪತ್ರ ಕೇಳಿ, ಬಾಯಿಮಾತು ಬೇಡ. ಅದೇ ದಲ್ಲಾಳಿ ಈಗ ಇನ್ನೊಂದು ತೋಟದ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಿಕೊಂಡು ಗಿರಾಕಿ ಹುಡುಕುತ್ತಿದ್ದಾನಂತೆ.