ಹಿಮ್ಮಡಿ ನೋವಿಗೆ ಪಾದರಕ್ಷೆ: ಕಾಸರಗೋಡಿನಲ್ಲಿ ಕೊಂಡ ಎರಡು ಜೋಡಿ

ಕಾಸರಗೋಡು ಪೇಟೆಯ ಯಾವುದೇ ಚಪ್ಪಲಿ ಅಂಗಡಿಯಲ್ಲಿ ಹಿಮ್ಮಡಿ ನೋವೆಂದು ಹೇಳಿದರೆ, ಬೆರಳೊತ್ತಿದರೆ ಕುಳಿ ಬೀಳುವಷ್ಟು ಮೆತ್ತಗಿನ ‘ಡಾಕ್ಟರ್ ಚಪ್ಪಲಿ’ಯೇ ಮೊದಲು ಎದುರಿಗೆ ಬರುತ್ತದೆ. ಆ ಬಗೆಯ ಎಂಸಿಆರ್ (ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ) ರಬ್ಬರಿನ ಚಪ್ಪಲಿ ಮುಖ್ಯವಾಗಿ ಕುಷ್ಠರೋಗದಿಂದಲೋ ಸಕ್ಕರೆ ಕಾಯಿಲೆಯಿಂದಲೋ ಸ್ಪರ್ಶ ಕಳೆದುಕೊಂಡ ಪಾದಗಳಿಗೆ, ಒತ್ತಡ ಒಂದೇ ಕಡೆ ಬಿದ್ದು ಹುಣ್ಣಾಗದಿರಲೆಂದು ಬಳಕೆಗೆ ಬಂದದ್ದು. ಪ್ಲಾಂಟಾರ್ ಫ್ಯಾಸಿಯೈಟಿಸ್, ಅಂದರೆ ಅಂಗಾಲಿನ ಪಟ್ಟಿ ಸವೆದು ಬರುವ ಹಿಮ್ಮಡಿ ನೋವು, ಇರುವವರ ಅಗತ್ಯವೇ ಬೇರೆ.

ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹಬ್ಬಿರುವ ದಪ್ಪ ಪಟ್ಟಿ ಪಾದದ ಕಮಾನನ್ನು ಎತ್ತಿ ಹಿಡಿಯುತ್ತದೆ. ಅದು ಎಲುಬಿಗೆ ಅಂಟಿಕೊಂಡಿರುವ ಜಾಗ ಮತ್ತೆ ಮತ್ತೆ ಎಳೆತಕ್ಕೆ ಸಿಕ್ಕಿ ಸವೆಯುವುದರಿಂದಲೇ ಬೆಳಿಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆಗಳು ಪ್ರಾಣ ಹಿಂಡುತ್ತವೆ. ಆದ್ದರಿಂದ ಅಟ್ಟೆ ಮೆತ್ತಗಿದೆಯೇ ಎಂಬುದಕ್ಕಿಂತ ಕಮಾನಿಗೆ ಆಸರೆ ಇದೆಯೇ, ಹಿಮ್ಮಡಿ ಅಲುಗದಂತೆ ಕುಳಿತುಕೊಳ್ಳುತ್ತದೆಯೇ ಎಂಬುದನ್ನು ನೋಡಬೇಕು. ಅಂಗಡಿಯಲ್ಲಿ ನಿಂತಲ್ಲೇ ಇದನ್ನು ಪರೀಕ್ಷಿಸಬಹುದು: ಎರಡೂ ತುದಿ ಹಿಡಿದು ಬಾಗಿಸಿದಾಗ ಅಟ್ಟೆ ಬೆರಳಿನ ಬುಡದಲ್ಲಿ ಬಾಗಬೇಕೇ ಹೊರತು ನಡುವಿನಲ್ಲಿ ಮಡಚಬಾರದು, ಒದ್ದೆ ಬಟ್ಟೆಯಂತೆ ಹಿಂಡಿದರೆ ತಿರುಚಿಕೊಳ್ಳಲೂ ಬಾರದು.

ನಾನು ಮೊದಲು ಕೊಂಡದ್ದು ಹಿಂಭಾಗದಲ್ಲಿ ಪಟ್ಟಿಯಿರುವ, ಹಿಮ್ಮಡಿ ಬೆರಳಿಗಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರದಲ್ಲಿರುವ ಸ್ಯಾಂಡಲ್. “ಟೀಚರೇ, ಇದು ಸ್ವಲ್ಪ ಗಟ್ಟಿ ಉಂಟು, ನಿಮಗೆ ಮೆತ್ತಗಿನದ್ದು ಸಾಕಲ್ಲವಾ?” ಎಂದು ಅಂಗಡಿಯವರು ಎಚ್ಚರಿಸಿದರೂ ಆ ಗಟ್ಟಿತನವೇ ನನಗೆ ಬೇಕಾದದ್ದು. ಹಿಂಭಾಗದ ಪಟ್ಟಿಯ ಬೆಲೆ ತರಗತಿಯಲ್ಲಿ ನಿಂತು ಪಾಠ ಮಾಡುವವರಿಗೆ ಬೇಗ ತಿಳಿಯುತ್ತದೆ. ಅದಿಲ್ಲದ ಚಪ್ಪಲಿಯನ್ನು ಜಾರದಂತೆ ಹಿಡಿದುಕೊಳ್ಳಲು ಬೆರಳುಗಳು ಪ್ರತಿ ಹೆಜ್ಜೆಗೂ ಮುದುಡಬೇಕಾಗುತ್ತದೆ. ಅಳತೆ ನೋಡಲು ಸಂಜೆಯೇ ಒಳ್ಳೆಯದು, ಏಕೆಂದರೆ ಹಗಲೆಲ್ಲ ನಿಂತ ಪಾದ ಅಷ್ಟು ಹೊತ್ತಿಗೆ ಒಂದಿಷ್ಟು ಊದಿರುತ್ತದೆ.

ಈ ಸ್ಯಾಂಡಲಿನ ದೋಷ ಬಯಲಾದದ್ದು ಮಳೆಗಾಲದಲ್ಲಿ. ಒಳಹಾಸಿನ ಬಟ್ಟೆ ಒಮ್ಮೆ ನೆನೆದರೆ ಮರುದಿನ ಬೆಳಿಗ್ಗೆಯೂ ಆರುವುದಿಲ್ಲ, ಅಂಚಿನಲ್ಲಿ ಅಂಟು ಬಿಟ್ಟಿದೆ, ವಾಸನೆಯಂತೂ ಹೇಳುವಂತಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಮಾರುವ ಸರಕಿಗೆ ಈ ಕೊರತೆ ಸಣ್ಣದಲ್ಲ. ಪಾಲಿಯುರೆಥೇನ್ ಅಟ್ಟೆಯ ಜೋಡಿಗಳ ಬಗ್ಗೆ ಇನ್ನೊಂದು ಎಚ್ಚರಿಕೆಯೂ ಬೇಕು: ತೇವಾಂಶಕ್ಕೆ ಆ ವಸ್ತು ಕ್ರಮೇಣ ಶಿಥಿಲವಾಗುವುದರಿಂದ, ಬಳಸದೆ ಕಪಾಟಿನಲ್ಲಿಟ್ಟ ಜೋಡಿಯೂ ಕೆಲವು ವರ್ಷಗಳಲ್ಲಿ ಪುಡಿಯಾಗಿ ಉದುರಬಹುದು. ರಿಯಾಯಿತಿ ದರದ ಹಳೆಯ ದಾಸ್ತಾನನ್ನು ಕೊಳ್ಳುವಾಗ ತಯಾರಾದ ತಿಂಗಳನ್ನು ನೋಡಿಕೊಳ್ಳಬೇಕು.

ಎರಡನೆಯ ಜೋಡಿ ಮನೆಯೊಳಗಿನದು, ಕಮಾನು ಎದ್ದು ಕಾಣುವ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಇವಿಎ (ಹಗುರವಾದ ನೊರೆ ಪ್ಲಾಸ್ಟಿಕ್) ಚಪ್ಪಲಿ. ಬೆಲೆಯಲ್ಲಿ ಸ್ಯಾಂಡಲಿನ ಕಾಲು ಭಾಗವೂ ಇಲ್ಲದ ಇದರಿಂದಲೇ ನನಗೆ ಹೆಚ್ಚು ಪ್ರಯೋಜನವಾಯಿತು. ಹೊರಗಿನ ಪಾದರಕ್ಷೆ ಎಷ್ಟೇ ಉತ್ತಮವಾಗಿರಲಿ, ನಾವು ಅದನ್ನು ಜಗಲಿಯ ಕೆಳಗೇ ಬಿಟ್ಟು ಒಳಬರುವವರು. ಆಮೇಲೆ ಅಡುಗೆಮನೆಯ ಟೈಲ್ಸಿನ ಮೇಲೆ ಬರಿಗಾಲಿನಲ್ಲಿ ನಿಲ್ಲುವ ಗಂಟೆಗಳನ್ನು ಯಾವ ಸ್ಯಾಂಡಲೂ ಕಾಯುವುದಿಲ್ಲ. ಒಳಗೆ ಚಪ್ಪಲಿ ಮೆಟ್ಟುವುದಕ್ಕೆ ಅತ್ತೆಯವರ ಆಕ್ಷೇಪವಿತ್ತು. ಇದು ಹೊಸಿಲು ದಾಟದ, ದಿನವೂ ತೊಳೆಯುವ ಜೋಡಿ ಎಂದು ಮನದಟ್ಟಾದ ಮೇಲೆ ಅವರೂ ತಮಗೊಂದು ತರಿಸಿಕೊಂಡಿದ್ದಾರೆ. ಆದರೆ ಅಡಿಯ ಗೀರುಗಳು ಸವೆದ ಮೇಲೆ ಒದ್ದೆ ನೆಲದಲ್ಲಿ ಇದು ಜಾರುತ್ತದೆ, ಬಚ್ಚಲಿಗೆ ಸಲ್ಲ.

ಹಿಮ್ಮಡಿಯ ಅಡಿಗೆ ಇಟ್ಟುಕೊಳ್ಳುವ ಸಿಲಿಕೋನ್ ಬಟ್ಟಲು ಮುಚ್ಚಿದ ಶೂ ಧರಿಸುವವರಿಗೆ ಸರಿಹೋಗಬಹುದು, ತೆರೆದ ಚಪ್ಪಲಿಯಲ್ಲಿ ನಿಲ್ಲುವುದಿಲ್ಲ. ಇನ್ನು, ಇವೆಲ್ಲ ನೋವಿನ ಭಾರವನ್ನು ಇಳಿಸುತ್ತವೆಯಷ್ಟೆ. ಮೀನಖಂಡವನ್ನೂ ಅಂಗಾಲನ್ನೂ ಎಳೆದು ಸಡಿಲಿಸುವ ವ್ಯಾಯಾಮ ಜೊತೆಗೆ ನಡೆಯಲೇಬೇಕು, ಹಾಗೆ ಮಾಡಿದವರಲ್ಲಿ ಬಹುಪಾಲು ಮಂದಿಗೆ ಒಂದು ವರ್ಷದೊಳಗೆ ಗುಣ ಕಾಣುತ್ತದೆ. ಜೋಮು, ಊತ ಅಥವಾ ರಾತ್ರಿ ಮಲಗಿದಾಗಲೂ ಬಿಡದ ನೋವಿದ್ದರೆ ಅಂಗಡಿಗಿಂತ ಮೊದಲು ವೈದ್ಯರಲ್ಲಿಗೆ ಹೋಗಬೇಕು.

ಕೈಯಲ್ಲಿ ಒಂದೇ ಜೋಡಿಗೆ ಸಾಕಾಗುವಷ್ಟು ಹಣವಿರುವವರು ಒಳಗಿನ ಚಪ್ಪಲಿಯನ್ನೇ ಮೊದಲು ಕೊಳ್ಳಲಿ. ಸ್ಯಾಂಡಲನ್ನು ತುಲಾ ಮಾಸ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ ಕೊಂಡರಾಯಿತು.