ಕಾರವಾರದ ಮನೆಗೆ ಬಂದ ಮೇಜಿನ ಲೇತ್
ಬಹುಕಾಲದ ನಂತರ ಮಾದರಿ ಉಗಿಯಂತ್ರಗಳ ತಯಾರಿಕೆಗೆ ಮರಳಿದ ನಾನು ಕಾರವಾರದ ಮನೆಗೆ ತರಿಸಿಕೊಂಡ ಈ ಸಣ್ಣ ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಕಡೆಯುವ ಯಂತ್ರ), ತನ್ನ ಬೆಡ್ಡಿನ (ಉದ್ದನೆಯ ತಳಪೀಠದ) ಮೇಲೆ ಸುಮಾರು 180 ಮಿಲಿಮೀಟರ್ ವ್ಯಾಸದ ತುಂಡನ್ನು ತಿರುಗಿಸಬಲ್ಲದು. ಹಿತ್ತಾಳೆಯ ಕೆಲಸದಲ್ಲಿ ಇದು ನಿಜಕ್ಕೂ ಸಂತೋಷ ಕೊಡುತ್ತದೆ. ಕಡೆಯುವ ಟೂಲಿನ ಮೇಲ್ಮೈ ಇಳಿಜಾರಿಲ್ಲದೆ ಸಮತಟ್ಟಾಗಿದ್ದರೆ ಸಿಲಿಂಡರಿನ ಮೈ ಕೂಲಂಟ್ (ತಂಪುಗೊಳಿಸುವ ದ್ರವ) ಇಲ್ಲದೆಯೂ ನುಣುಪಾಗಿ ಬರುತ್ತದೆ. ಉಕ್ಕನ್ನು ಮಾತ್ರ ತೆಳುವಾಗಿಯೇ ಕಡೆಯಬೇಕು, ಇಲ್ಲವಾದರೆ ಹಗುರವಾದ ಯಂತ್ರ ಅದುರುತ್ತದೆ. ಮೂರು ಜಾಗಳು (ಹಿಡಿಯುವ ದವಡೆಗಳು) ಒಟ್ಟಿಗೆ ಚಲಿಸಿ ತುಂಡನ್ನು ಹಿಡಿಯುವ ತ್ರೀ ಜಾ ಚಕ್ಕಿನಿಂದ ಬಿಚ್ಚಿದ್ದನ್ನು ಮತ್ತೆ ಹಿಡಿಸಿದಾಗ ಕೇಂದ್ರ ತುಸು ಸರಿಯುವುದರಿಂದ, ಒಂದೊಂದು ಜಾ ಕೂಡ ಪ್ರತ್ಯೇಕವಾಗಿ ಚಲಿಸುವ ಫೋರ್ ಜಾ ಚಕ್ ಮತ್ತು ಕೇಂದ್ರ ಎಷ್ಟು ಸರಿದಿದೆ ಎಂದು ಅಳೆಯುವ ಡಯಲ್ ಗೇಜ್ ಅನಿವಾರ್ಯ. ಅವನ್ನು ಬೇರೆಯಾಗಿ ಕೊಳ್ಳಬೇಕಾಗಿ ಬಂದದ್ದು ನನಗೆ ಬೇಸರ ತಂದಿದೆ. ಕರಾವಳಿಯವರಿಗೆ ಇನ್ನೊಂದು ಮಾತು: ಕೆಲಸ ಮುಗಿದೊಡನೆ ಬೆಡ್ಡಿಗೆ ಎಣ್ಣೆ ಸವರದಿದ್ದರೆ, ಮಳೆಗಾಲದ ಉಪ್ಪುಗಾಳಿಗೆ ತುಕ್ಕು ಬಹುಬೇಗ ಹಿಡಿಯುತ್ತದೆ.